ಹತ್ತು ನಿಮಿಷಕ್ಕೊಂದು ಬಸ್ಸು

ಬೆಂಗಳೂರಿನ ಉತ್ತರ ಭಾಗದ ಮತ್ತಿಕೆರೆಯವರು ಮೆಟ್ರೋ ರೈಲನ್ನು ಹಿಡಿಯಬೇಕಾದರೆ ಸಾಮಾನ್ಯವಾಗಿ ಯಶವಂತಪುರಕ್ಕೆ ಬರುವರು. ಹಸಿರು ಮಾರ್ಗದ ಈ ನಿಲ್ದಾಣವು 2014ನೆಯ ಮಾರ್ಚ್ 1ರಂದು, ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗಿನ ಭಾಗದೊಡನೆ ಜನರ ಬಳಕೆಗೆ ಬಂದಿತು. ಬಿ.ಎಂ.ಟಿ.ಸಿ. ಸಂಸ್ಥೆಯ ದೊಡ್ಡ ಬಸ್ ಟರ್ಮಿನಲ್ ಸಹ ಯಶವಂತಪುರದಲ್ಲಿಯೇ ಇರುವುದು. ಮೆಟ್ರೋ ಹಾದುಹೋಗುವ ತುಮಕೂರು ರಸ್ತೆಗೂ ಮತ್ತಿಕೆರೆಗೂ ನಡುವೆ ಯಶವಂತಪುರ ಜಂಕ್ಷನ್ನಿನ ಹಳಿಗಳು ಅಡ್ಡಲಾಗಿ ಹಬ್ಬಿವೆ. ಆ ಹಳಿಗಳ ಅಂತರ 1676 ಮಿಲಿಮೀಟರು. ಮೇಲುಸೇತುವೆಯ ಮೆಟ್ರೋ ಹಳಿಗಳದ್ದು 1435 ಮಿಲಿಮೀಟರು. ಒಂದರ ಗಾಡಿ ಮತ್ತೊಂದರ ಮೇಲೆ ಓಡಲಾರದು. ಆದಕಾರಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಕೆಲಸ ಮನುಷ್ಯರ ಕಾಲುಗಳಿಗೇ ಉಳಿದಿದೆ.

ಮೆಜೆಸ್ಟಿಕ್‌ನಿಂದ ಯಶವಂತಪುರಕ್ಕೆ ಮೆಟ್ರೋದಲ್ಲಿ ಸುಮಾರು ಕಾಲು ಗಂಟೆ ಸಾಕು. ಅಲ್ಲಿಂದ ಮತ್ತಿಕೆರೆಗೆ ಉಳಿಯುವ ದೂರ ಎರಡು ಕಿಲೋಮೀಟರಿನಷ್ಟು ಮಾತ್ರ. ಆದರೂ ಕಾಲೇಜಿನಿಂದ ಹಿಂದಿರುಗುವ ವಿದ್ಯಾರ್ಥಿಗೆ ಈ ಎರಡು ಕಿಲೋಮೀಟರೇ ಅನೇಕ ವೇಳೆ ಹೆಚ್ಚು ಹೊತ್ತನ್ನು ನುಂಗುವುದುಂಟು. ಬಸ್ಸುಗಳು ಸಾಲವು ಎಂಬುದು ಇದಕ್ಕೆ ಜನರು ಕೊಡುವ ಕಾರಣ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಬಸ್ಸುಗಳ ಸಂಖ್ಯೆಯನ್ನು ಬದಲಿಸದೆಯೂ ಕಾಯುವ ಹೊತ್ತು ಹೆಚ್ಚಬಲ್ಲದು. ಅದು ಹೇಗೆಂಬುದನ್ನು ವಿಚಾರಿಸೋಣ.

ಒಂದು ಮಾರ್ಗದಲ್ಲಿ ಗಂಟೆಗೆ ಆರು ಬಸ್ಸುಗಳು, ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಬರುವುವೆಂದು ಇಟ್ಟುಕೊಳ್ಳಿ. ವೇಳಾಪಟ್ಟಿಯನ್ನು ನೋಡದೆ ಬಂದು ನಿಂತವನು ಸರಾಸರಿ ಐದು ನಿಮಿಷ ಕಾಯುವನು. ಈಗ ಅದೇ ಆರು ಬಸ್ಸುಗಳು ಎರಡು ನಿಮಿಷ, ಹದಿನೆಂಟು ನಿಮಿಷ, ಮತ್ತೆ ಎರಡು, ಮತ್ತೆ ಹದಿನೆಂಟು, ಹೀಗೆ ಜೋಡಿಜೋಡಿಯಾಗಿ ಬರಲಿ. ಸರಾಸರಿ ಅಂತರ ಈಗಲೂ ಹತ್ತೇ. ಆದರೆ ಪ್ರತಿ ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಉದ್ದನೆಯ ಅಂತರಕ್ಕೇ ಸೇರಿದೆ. ಆದ್ದರಿಂದ ಹತ್ತು ಜನರಲ್ಲಿ ಒಂಬತ್ತು ಮಂದಿ ಅದರಲ್ಲಿಯೇ ಬಂದು ಸಿಕ್ಕಿಕೊಳ್ಳುವರು. ಅವರು ಸರಾಸರಿ ಒಂಬತ್ತು ನಿಮಿಷ ಕಾಯುವರು. ಉಳಿದ ಒಬ್ಬನು ಒಂದು ನಿಮಿಷ. ಒಟ್ಟು ಎಂಬತ್ತೆರಡು ನಿಮಿಷವನ್ನು ಹತ್ತು ಜನರಿಗೆ ಹಂಚಿದರೆ ಬರುವುದು 8.2 ನಿಮಿಷ. ಬಸ್ಸೊಂದೂ ಕಡಿಮೆಯಾಗಲಿಲ್ಲ; ಕಾಯುವಿಕೆ ಮಾತ್ರ ಐದರಿಂದ ಎಂಟನ್ನು ಮೀರಿತು! “ನಾನು ಬಂದಾಗಲೇ ಬಸ್ಸು ಬರುವುದಿಲ್ಲ” ಎಂದು ಗೊಣಗುವವನ ಮಾತು ಹೀಗೆ ಗಣಿತಕ್ಕೆ ಸಮ್ಮತವಾದದ್ದೇ ಆಗಿದೆ.

ಬಸ್ಸುಗಳು ಜೋಡಿಯಾಗುವುದೇಕೆ? ಚಾಲಕರು ಮಾತನಾಡಿಕೊಂಡು ಒಟ್ಟಿಗೆ ಹೊರಡುವರೆಂಬುದು ತಪ್ಪು ಕಲ್ಪನೆ. ಮುಂದಿನ ಬಸ್ಸು ಒಂದು ಸಿಗ್ನಲ್ಲಿನಲ್ಲಿ ಎರಡು ನಿಮಿಷ ತಡೆಯಿತೆನ್ನಿ. ಅಷ್ಟರಲ್ಲಿ ಮುಂದಿನ ನಿಲುಗಡೆಯಲ್ಲಿ ಜನರು ಹೆಚ್ಚು ಸೇರಿರುವರು. ಅವರನ್ನು ಹತ್ತಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಬಸ್ಸು ಇನ್ನೂ ತಡವಾಗುವುದು. ಅದರಾಚೆಯ ನಿಲುಗಡೆಯಲ್ಲಿ ಜನರು ಇನ್ನೂ ಹೆಚ್ಚು. ಹಿಂದಿನ ಬಸ್ಸಿಗಾದರೋ ಜನರು ಕಡಿಮೆ. ಅದು ಬೇಗಬೇಗನೆ ಸಾಗಿ ಮುಂದಿನದನ್ನು ಹಿಡಿಯುವುದು. ಚಿಕ್ಕ ತೊಡಕು ತನ್ನನ್ನು ತಾನೇ ದೊಡ್ಡದು ಮಾಡಿಕೊಳ್ಳುವ ಈ ಸ್ವಭಾವವನ್ನು ನ್ಯೂವೆಲ್ ಮತ್ತು ಪಾಟ್ಸ್ ಎಂಬಿಬ್ಬರು 1964ರಲ್ಲಿ ಗಣಿತದ ಮೂಲಕ ನಿರೂಪಿಸಿದರು. ಮೊನೆಯ ಮೇಲೆ ನಿಲ್ಲಿಸಿದ ಪೆನ್ಸಿಲು ತಾನಾಗಿ ನೆಟ್ಟಗಾಗದು; ಸಮ ಅಂತರದ ಬಸ್ಸುಗಳ ಸಾಲೂ ಹಾಗೆಯೇ.

ಮೆಟ್ರೋ ರೈಲಿಗೂ ಜನರು ಹತ್ತುವರಲ್ಲವೇ? ಹತ್ತುವರು. ಆದರೆ ಅದರ ದಾರಿ ಅದಕ್ಕೇ ಮೀಸಲು. ಚೀಟಿಯ ವ್ಯವಹಾರ ಪ್ಲಾಟ್‌ಫಾರಂ ಸೇರುವ ಮುನ್ನವೇ ಮುಗಿದಿರುವುದು. ಆರು ಬೋಗಿಗಳ ರೈಲಿಗೆ ಒಂದು ಪಕ್ಕದಲ್ಲಿಯೇ ಇಪ್ಪತ್ತನಾಲ್ಕು ಬಾಗಿಲುಗಳು. ಜನರು ಇಮ್ಮಡಿಯಾದರೂ ನಿಲ್ಲುವ ಹೊತ್ತು ಅಷ್ಟಾಗಿ ಹೆಚ್ಚದು. ಬಸ್ಸಿಗೆ ಎರಡೇ ಬಾಗಿಲು. ಅಲ್ಲದೆ ಒಂದು ರೈಲಿನಿಂದ ನೂರಾರು ಜನರು ಒಮ್ಮೆಗೇ ಇಳಿದು ಬಂದರೆ, ಆಗ ಸಿಕ್ಕಿದ ಬಸ್ಸಿಗೆ ತಡವಾಗುವ ಬೀಜ ಬಿತ್ತಿದಂತೆಯೇ ಸರಿ.

ಟರ್ಮಿನಲ್ಲಿನ ನಿಜವಾದ ಉಪಯೋಗ ಇಲ್ಲಿದೆ. ಅದನ್ನು ಬರಿಯ ನೆರಳಿನ ಚಾವಣಿಯೆಂದೋ ಅಂಗಡಿಗಳ ಕಟ್ಟಡವೆಂದೋ ಎಣಿಸುವುದುಂಟು. ಕೆಟ್ಟುಹೋದ ಅಂತರವನ್ನು ಸರಿಪಡಿಸಲು ದಾರಿಯಲ್ಲಿ ಎಡೆಯಿಲ್ಲ. ನಡುರಸ್ತೆಯಲ್ಲಿ ಬಸ್ಸನ್ನು ನಿಲ್ಲಿಸಿಕೊಂಡರೆ ಹಿಂದಿನ ವಾಹನಗಳೆಲ್ಲ ನಿಲ್ಲಬೇಕು. ಟರ್ಮಿನಲ್ಲಿನಲ್ಲಾದರೆ ಬೇಗ ಬಂದ ಬಸ್ಸನ್ನು ಒಂದು ಅಂಕಣದಲ್ಲಿ ತಡೆದಿಟ್ಟು, ಮುಂದಿನದು ಹೋಗಿ ಹತ್ತು ನಿಮಿಷವಾದ ಮೇಲೆ ಬಿಡಬಹುದು. ಇದಕ್ಕೆ ಬೆಲೆಯೂ ಇದೆ. ತಡೆದಿಟ್ಟ ಬಸ್ಸು ಓಡದ ಬಸ್ಸು. ಒಳಗೆ ಕುಳಿತವರು ಸಿಡಿಮಿಡಿಗೊಳ್ಳುವರು. ದೂರದ ಮಾರ್ಗಗಳು ತೊಡಕುಗಳನ್ನು ಕೂಡಿಸಿಕೊಂಡು ಬರುವುದರಿಂದ, ಯಶವಂತಪುರ ಮತ್ತಿಕೆರೆಗಳ ನಡುವೆಯೇ ಸುತ್ತುವ ಗಿಡ್ಡ ಮಾರ್ಗವು ಈ ಕೆಲಸಕ್ಕೆ ಹೆಚ್ಚು ತಕ್ಕದ್ದೆಂದು ನನ್ನ ಎಣಿಕೆ; ಅದನ್ನು ಎರಡು ತುದಿಗಳಲ್ಲಿಯೂ ಸರಿಪಡಿಸಬಹುದು.

2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಮೆಟ್ರೋದ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಜೆ.ಪಿ. ನಗರದಿಂದ ಹೊರವರ್ತುಲ ರಸ್ತೆಯ ಗುಂಟ ಕೆಂಪಾಪುರದವರೆಗೆ 32.15 ಕಿಲೋಮೀಟರಿನ ಮಾರ್ಗವೊಂದು ಸೇರಿದೆ. ಅದು ಮತ್ತಿಕೆರೆಗೆ ಸಮೀಪವಾದರೂ ಮನೆಬಾಗಿಲಿಗೆ ಬರಲಾರದು; ಬಸ್ಸಿನ ಲೆಕ್ಕ ಆಗಲೂ ಉಳಿಯುವುದು.

ಆ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ಒಂದು ನಿಲುಗಡೆಯಲ್ಲಿ ಎರಡು ಗಂಟೆ ನಿಂತು, ಒಂದೇ ಮಾರ್ಗದ ಬಸ್ಸುಗಳು ಬಂದ ವೇಳೆಯನ್ನು ಬರೆದುಕೊಳ್ಳಿ. ಒಂದೊಂದು ಅಂತರವನ್ನೂ ವರ್ಗ ಮಾಡಿ ಕೂಡಿಸಿ, ಆ ಮೊತ್ತವನ್ನು ಅಂತರಗಳ ಒಟ್ಟು ಮೊತ್ತದ ಎರಡರಷ್ಟರಿಂದ ಭಾಗಿಸಿ. ಬಂದ ಉತ್ತರವೇ ಸರಾಸರಿ ಕಾಯುವ ಹೊತ್ತು. ಅದರಿಂದ ಸರಾಸರಿ ಅಂತರದ ಅರ್ಧವನ್ನು ಕಳೆದರೆ, ಬಸ್ಸುಗಳು ಕ್ರಮ ತಪ್ಪಿದ್ದರಿಂದ ಪ್ರತಿಯೊಬ್ಬನೂ ಕಳೆದುಕೊಂಡ ನಿಮಿಷಗಳೆಷ್ಟೆಂಬುದು ಸಿಕ್ಕುವುದು.