ಉಡಿಯಲ್ಲಿ ಬಂದ ಟಮಾಟಿ

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಸಾಗುವ ಹಾದಿಯಲ್ಲಿರುವ ನಮ್ಮ ಯರಗೇರಾದ ಹೆಂಗಸರು ಕಾಯಿಪಲ್ಲೆ ಕೊಳ್ಳುವಾಗ, ಬೆಲೆಯನ್ನು ವಿಚಾರಿಸುವುದಕ್ಕೂ ಮೊದಲು ಕೇಳುವ ಪ್ರಶ್ನೆಯೊಂದುಂಟು: ‘ಟಮಾಟಿ ಜವಾರಿ ಅದಾವೇನು?’ ಮಾರುವವಳ ಮುಂದೆ ಎರಡು ರಾಶಿಗಳಿದ್ದ ಪಕ್ಷದಲ್ಲಿ, ಒಂದರಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ, ದಪ್ಪ ಸಿಪ್ಪೆಯ, ಲಾರಿಯಲ್ಲಿ ಎರಡು ದಿನ ಕುಲುಕಾಡಿದರೂ ಒಡೆಯದ ಹಣ್ಣುಗಳಿರುತ್ತವೆ. ಇನ್ನೊಂದರಲ್ಲಿ, ತೊಟ್ಟಿನ ಸುತ್ತ ಮಡಿಕೆ ಮಡಿಕೆಯಾಗಿ ಗೀರುಬಿದ್ದ, ಚಪ್ಪಟೆಯಾದ, ಹೆಬ್ಬೆರಳಿನಿಂದ ತುಸು ಒತ್ತಿದರೂ ರಸ ಜಿನುಗುವ, ಒಂದು ಮತ್ತೊಂದರಂತೆ ಇರದ ಹಣ್ಣುಗಳಿರುತ್ತವೆ. ಈ ಎರಡನೆಯ ರಾಶಿಗೆ ಕೈಹಾಕುವವರು ಅದರ ಹುಳಿಯನ್ನು ಬಲ್ಲವರು. ಕೆಂಡದ ಮೇಲೆ ಸುಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಸೇಂಗಾದೊಡನೆ ಒರಳಿನಲ್ಲಿ ಅರೆದು, ಬಿಸಿ ಜೋಳದ ರೊಟ್ಟಿಗೆ ಹಚ್ಚಿಕೊಂಡು ಉಂಡವರಿಗೆ ಆ ಹುಳಿಯ ವಿಷಯದಲ್ಲಿ ಬೇರೆ ವಿವರಣೆ ಬೇಡ.

ಆದರೆ ‘ಜವಾರಿ’ ಎಂಬ ಈ ಶಬ್ದವನ್ನು ಟಮಾಟಿಗೆ ಹಚ್ಚುವುದರಲ್ಲಿ ಒಂದು ಆಶ್ಚರ್ಯವಡಗಿದೆ. ಈ ಗಿಡ ನಮ್ಮ ನೆಲದ್ದಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮಗ್ಗುಲಲ್ಲಿ ಕಾಡುಗಿಡವಾಗಿದ್ದು, ಮೆಕ್ಸಿಕೋದ ಜನರ ಕೈಯಲ್ಲಿ ಪಳಗಿ, ಅಲ್ಲಿಯ ನಹುವಾತಲ್ ಭಾಷೆಯ ‘ತೊಮಾತಲ್’ ಎಂಬ ಶಬ್ದದಿಂದ ತನ್ನ ಹೆಸರನ್ನು ಪಡೆದು, ಸ್ಪೇನಿನವರ ಹಡಗುಗಳಲ್ಲಿ ಯುರೋಪಿಗೆ ಹೋಗಿ, 1544ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿಯ ಲೇಖನಿಗೆ ವಿಷಯವಾಗಿ, ಅನಂತರ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ತೀರವನ್ನು ಮುಟ್ಟಿದ ಪರದೇಶದ ಸಸ್ಯವಿದು. ಅದಕ್ಕೂ ಮುಂಚೆ ನಮ್ಮ ಅಡುಗೆಗೆ ಹುಣಸೆಯೂ ಪುಂಡಿಯ ಸೊಪ್ಪೂ ಹುಳಿಯನ್ನು ಕೊಡುತ್ತಿದ್ದವು. ಹಳೆಯ ಮೈಸೂರಿನ ಕಡೆಯವರು ಇದನ್ನು ಬದನೆಯ ಬಂಧುವೆಂದು ಗುರುತಿಸಿ ‘ಚಪ್ಪರಬದನೆ’ ಎಂದು ಕರೆದುದು ಸಸ್ಯಶಾಸ್ತ್ರಕ್ಕೂ ಒಪ್ಪುವ ಮಾತು, ಏಕೆಂದರೆ ಎರಡೂ ಒಂದೇ ಕುಲಕ್ಕೆ ಸೇರಿದವು.

ಹಾಗಾದರೆ ಇಂಥ ಅತಿಥಿ ಜವಾರಿಯಾದುದು ಹೇಗೆ? ಈ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡ ಮೇಲೆ ನನಗೆ ತೋರಿದ ಉತ್ತರವಿಷ್ಟು: ನಮ್ಮ ಜನರ ಬಾಯಲ್ಲಿ ಈ ಶಬ್ದ ಬೀಜ ಹುಟ್ಟಿದ ದೇಶವನ್ನು ಎಣಿಸುವುದಿಲ್ಲ, ಅದು ನಡೆದುಬಂದ ಕೈಗಳನ್ನು ಎಣಿಸುತ್ತದೆ. ಒಂದು ಮನೆಯ ಹಿತ್ತಿಲಲ್ಲಿ ಬೆಳೆದ ಹಣ್ಣಿನ ಬೀಜವನ್ನು ಅದೇ ಮನೆಯವರು ಎತ್ತಿಟ್ಟು, ಮರುವರ್ಷ ಬಿತ್ತಿ, ನೆರೆಯವರಿಗೆ ಒಂದು ಚಿಟಿಕೆ ಕೊಟ್ಟು, ಮಗಳ ಉಡಿಯಲ್ಲಿ ಇನ್ನೊಂದು ಚಿಟಿಕೆ ಕಟ್ಟಿ ಕಳುಹಿಸಿದಾಗ, ಆ ಬೀಜ ನಮ್ಮ ಬಿಸಿಲಿಗೂ ನಮ್ಮ ನಾಲಗೆಗೂ ಕ್ರಮೇಣ ಒಗ್ಗಿಕೊಂಡು ಜವಾರಿಯಾಗುತ್ತದೆ.

ಮನೆಯ ಹಿತ್ತಿಲಿಗೆ ಈ ಕೆಲಸ ಸಾಧ್ಯವಾಗುವುದಕ್ಕೆ ಟಮಾಟಿಯ ಹೂವಿನ ರಚನೆಯೇ ಕಾರಣ. ಹಳದಿಯ ಆ ಸಣ್ಣ ಹೂವನ್ನು ಬೆಳಗಿನ ಹೊತ್ತು ಸಮೀಪದಿಂದ ನೋಡಿದರೆ, ಕೇಸರಗಳೆಲ್ಲ ಒಂದಕ್ಕೊಂದು ಅಂಟಿ ಒಂದು ಮೊನಚಾದ ಕೊಳವೆಯಾಗಿರುವುದೂ, ಶಲಾಕೆ ಆ ಕೊಳವೆಯೊಳಗೆ ಅವಿತಿರುವುದೂ ಕಾಣುತ್ತದೆ. ಗಾಳಿಗೆ ಹೂ ಅಲುಗಿದರೆ ತನ್ನ ಪರಾಗ ತನ್ನ ಮೇಲೆಯೇ ಉದುರುತ್ತದೆ. ಹೀರೆ, ಕುಂಬಳ, ಸೌತೆಗಳಂತೆ ಜೇನುನೊಣ ಬಂದು ಪಕ್ಕದ ಹೊಲದ ಪರಾಗವನ್ನು ತಂದು ಬೆರೆಸುವ ಭಯ ಇಲ್ಲಿ ಬಹಳ ಕಡಮೆ. ಕೆಲವು ಹಳೆಯ ತಳಿಗಳಲ್ಲಿ ಶಲಾಕೆಯ ತುದಿ ಕೊಳವೆಯಿಂದ ತುಸು ಹೊರಚಾಚುವುದುಂಟಾದ್ದರಿಂದ, ಎರಡು ತಳಿಗಳನ್ನು ಬೆಳೆಯುವವರು ನಡುವೆ ಹತ್ತು ಹನ್ನೆರಡು ಅಡಿ ಬಿಡುವುದೂ, ಆ ಎಡೆಯಲ್ಲಿ ಬದನೆಯನ್ನೋ ಮೆಣಸಿನಕಾಯಿಯನ್ನೋ ಹಚ್ಚುವುದೂ ಒಳ್ಳೆಯದು. ಇಷ್ಟು ಮಾಡಿದರೆ ತಾಯಿಯಂತೆ ಮಗಳು ಹುಟ್ಟುತ್ತಾಳೆ.

ಹೈಬ್ರಿಡ್ ಬೀಜದ ಕಥೆ ಬೇರೆ. ರಾಣೆಬೆನ್ನೂರಿನ ಸುತ್ತಮುತ್ತ ಹೋದವರು ಅದನ್ನು ಕಣ್ಣಾರೆ ಕಾಣಬಹುದು: ಅಲ್ಲಿಯ ಹೊಲಗಳಲ್ಲಿ ಹೆಂಗಸರು ಮೊಗ್ಗು ಅರಳುವುದಕ್ಕೂ ಮುಂಚೆ ಚಿಮುಟದಿಂದ ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೊಂದು ತಳಿಯ ಪರಾಗವನ್ನು ಬೆರಳ ತುದಿಯಿಂದ ಶಲಾಕೆಗೆ ಮುಟ್ಟಿಸುತ್ತಾರೆ. ಮನಮೋಹನ್ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ‘ಕರ್ನಾಟಕ’ ಎಂಬ ಹೆಸರಿನ ಹೈಬ್ರಿಡ್ ಟೊಮೆಟೊವನ್ನು ಹೊರತಂದ ಕಾಲದಿಂದ ಈ ವಿದ್ಯೆ ನಮ್ಮ ನಾಡಿನಲ್ಲಿ ಬೇರೂರಿತು. ಅದರಿಂದ ರೈತನಿಗೆ ಅಧಿಕ ಇಳುವರಿ ದೊರೆತುದನ್ನೂ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ನಂಥ ಸಂಕರ ತಳಿ ಎಲೆಮುದುಡು ರೋಗವೂ ಸೇರಿದಂತೆ ಮೂರು ರೋಗಗಳನ್ನು ತಡೆದುಕೊಳ್ಳುವುದನ್ನೂ ನಾನು ಅಲ್ಲಗಳೆಯಲಾರೆ; ಹತ್ತು ಎಕರೆ ಹಾಕಿ ಸಾಲ ತೀರಿಸಬೇಕಾದವನು ಅದನ್ನೇ ಹಾಕಲಿ. ಆದರೆ ಅಂಥ ಹಣ್ಣಿನ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಎರಡನೆಯ ತಲೆಮಾರಿನಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲ ಚದುರಿ, ಒಂದು ಗಿಡ ಎತ್ತರ, ಒಂದು ಕುಳ್ಳು, ಒಂದರ ಹಣ್ಣು ಗುಂಡು, ಇನ್ನೊಂದರದು ಉದ್ದ ಎಂಬಂತಾಗುತ್ತದೆ. ಪೇಟೆಯ ಹಣ್ಣಿನ ಬೀಜವನ್ನು ಅರಿಯದೆ ಬಿತ್ತಿ ನಾನೊಮ್ಮೆ ಈ ಪಾಠವನ್ನು ಕಲಿತೆ. ಹೆಸರಘಟ್ಟದ ಸಂಸ್ಥೆಯದೇ ಆದ ‘ಅರ್ಕಾ ವಿಕಾಸ್’ ಸಂಕರವಲ್ಲದ ತಳಿಯಾದುದರಿಂದ, ಹಳೆಯ ಜವಾರಿ ಸಿಗದವರು ಅದರಿಂದಲೇ ಆರಂಭಿಸಿ ಬೀಜ ಕಟ್ಟಬಹುದು.

ಬೀಜ ತೆಗೆಯುವ ಕ್ರಮವನ್ನು ನಾನು ಕಲಿತದ್ದು ನಮ್ಮ ಅತ್ತೆಯವರಿಂದ. ಮೊದಲು ಬಿಟ್ಟ ಹಣ್ಣುಗಳಲ್ಲಿ ಚೆನ್ನಾದುದನ್ನು ಅವರು ಎಂದೂ ಅಡುಗೆಗೆ ಕೊಡುತ್ತಿರಲಿಲ್ಲ. ಗಿಡದಲ್ಲಿಯೇ ಗುರುತಿಗಾಗಿ ಒಂದು ಕೆಂಪು ದಾರ ಕಟ್ಟಿ, ಹಣ್ಣು ಮೆತ್ತಗಾಗಿ ತಾನೇ ಬೀಳುವಂತಾಗುವವರೆಗೆ ಕಾಯುತ್ತಿದ್ದರು. ಅನಂತರ ಅದನ್ನು ಅಡ್ಡಲಾಗಿ ಕೊಯ್ದು, ಬೀಜವನ್ನೂ ಅದರ ಸುತ್ತಲಿನ ಲೋಳೆಯನ್ನೂ ಮಣ್ಣಿನ ಕುಡಿಕೆಯೊಂದಕ್ಕೆ ಹಿಂಡಿ, ತುಸು ನೀರು ಬೆರಸಿ, ಮೇಲೊಂದು ತೆಳ್ಳನೆಯ ಅರಿವೆ ಕಟ್ಟಿ, ನೆರಳಿನಲ್ಲಿಡುತ್ತಿದ್ದರು. ನಮ್ಮ ಸೆಕೆಗೆ ಎರಡು ದಿನ ಸಾಕು. ಕುಡಿಕೆಯ ಮೇಲೆ ಬಿಳಿಯ ಕೆನೆಯೊಂದು ಕಟ್ಟಿ, ಹುಳಿತ ವಾಸನೆ ಅಡುಗೆಮನೆಯನ್ನೆಲ್ಲ ವ್ಯಾಪಿಸುತ್ತದೆ. ಆ ಲೋಳೆಯಲ್ಲಿ ಬೀಜ ಹಣ್ಣಿನೊಳಗೇ ಮೊಳೆಯದಂತೆ ತಡೆಯುವ ದ್ರವ್ಯಗಳಿರುವುದರಿಂದ, ಹುಳಿಯುವಿಕೆ ಆ ತಡೆಯನ್ನು ಕರಗಿಸುತ್ತದೆ, ಸಿಪ್ಪೆಗೆ ಅಂಟಿದ ಕೆಲವು ರೋಗಾಣುಗಳನ್ನೂ ಕೊಲ್ಲುತ್ತದೆ. ಮೂರನೆಯ ದಿನ ದಾಟಿದರೆ ಬೀಜ ಕುಡಿಕೆಯಲ್ಲಿಯೇ ಮೊಳಕೆಯೊಡೆದೀತೆಂಬ ಭಯವುಂಟು. ಬಳಿಕ ನೀರು ಸುರಿದು ಕಲಕಿದಾಗ ಜೊಳ್ಳು ಮೇಲೆ ತೇಲಿ, ಗಟ್ಟಿಬೀಜ ತಳದಲ್ಲಿ ನಿಲ್ಲುತ್ತದೆ. ಜೊಳ್ಳನ್ನು ಚೆಲ್ಲಿ, ಮೂರು ನಾಲ್ಕು ನೀರಿನಲ್ಲಿ ತೊಳೆದು, ಮುತ್ತುಗದ ಎಲೆಯ ಮೇಲೆ ಹರವುತ್ತಿದ್ದರು. ಕಾಗದದ ಮೇಲೆ ಹರವಿದ ಬೀಜ ಕಾಗದಕ್ಕೇ ಅಂಟಿ ಕೂರುತ್ತದೆ. ಒಣಗಿದ ಬೀಜ ನಸುಬೂದು ಬಣ್ಣದ್ದಾಗಿ, ಮೈಮೇಲೆ ಕಂಬಳಿಯಂಥ ಸಣ್ಣ ಕೂದಲನ್ನು ಹೊತ್ತಿರುತ್ತದೆ. ಕುಳ್ಳಿನ ಬೂದಿಯೊಡನೆ ಬೆರಸಿ, ಅರಿವೆಯ ಗಂಟು ಕಟ್ಟಿ, ಬೇವಿನೆಲೆ ಹಾಸಿದ ಗಡಿಗೆಯಲ್ಲಿಟ್ಟರೆ ನಾಲ್ಕು ವರ್ಷ ಹುಟ್ಟುವ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ.

ಅತ್ತೆಯವರು ತೀರಿಕೊಂಡ ಮೇಲೆ ಆ ಗಡಿಗೆ ನನ್ನ ಪಾಲಿಗೆ ಬಂತು. ಮಾನ್ವಿ ತಾಲ್ಲೂಕಿನಲ್ಲಿರುವ ನನ್ನ ತಂಗಿ ಒಮ್ಮೆ ನಮ್ಮಲ್ಲಿಗೆ ಬಂದಿದ್ದಾಗ ಅವಳ ಉಡಿ ತುಂಬಿ, ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬುಗಳ ಜೊತೆಗೆ ಟಮಾಟಿ ಬೀಜದ ಒಂದು ಸಣ್ಣ ಗಂಟನ್ನೂ ಇಟ್ಟಿದ್ದೆ. ಎರಡು ವರ್ಷದ ತರುವಾಯ ನಮ್ಮ ಹಿತ್ತಿಲಿಗೆ ಬಿಳಿನೊಣ ಬಿದ್ದು, ಎಲೆಗಳೆಲ್ಲ ಮುದುಡಿ, ಹೂ ಕಟ್ಟುವ ಮುನ್ನವೇ ಗಿಡಗಳು ಕುಗ್ಗಿಹೋದವು. ಗಡಿಗೆಯಲ್ಲಿ ಉಳಿದಿದ್ದ ಬೀಜವನ್ನು ನೋಡಿದರೆ, ನನ್ನ ಅಲಕ್ಷ್ಯದಿಂದ ತೇವ ತಗುಲಿ ಬೂಷ್ಟು ಹಿಡಿದಿತ್ತು. ಅತ್ತೆಯವರ ಇಡೀ ಬಾಳಿನ ಆಯ್ಕೆ ನನ್ನ ಕೈಯಲ್ಲಿ ಮುಗಿಯಿತೆಂದು ನಾನು ಆ ದಿನ ಅತ್ತದ್ದುಂಟು. ತಂಗಿಗೆ ಫೋನು ಮಾಡಿದಾಗ ಅವಳು ಹೇಳಿದಳು: ‘ಅಕ್ಕಾ, ಯಾಕ ಅಳತೀ? ನಮ್ಮ ಮನ್ಯಾಗ ಅದಾವಲ್ಲ. ನೀ ಕೊಟ್ಟಿದ್ದಕ್ಕ ಉಳದಾವು. ಬರೋಮುಂದ ನಿಮ್ಮ ಹಿತ್ತಲದ ಅವರೀ ಬೀಜ ಒಂದ್ ಹಿಡಿ ತಗೊಂಡ್ ಬಾ.’

ಕೊಟ್ಟಿದ್ದಕ್ಕೆ ಉಳಿದವು ಎಂಬ ಅವಳ ಮಾತನ್ನು ನಾನು ಅಕ್ಷರಶಃ ಸತ್ಯವೆಂದು ಗ್ರಹಿಸಿದ್ದೇನೆ. ಹಣವನ್ನು ಹಂಚಿದರೆ ಕಡಮೆಯಾದೀತು. ಒಂದು ಹಣ್ಣಿನಲ್ಲಿ ನೂರಕ್ಕೂ ಮಿಕ್ಕಿ ಬೀಜಗಳಿರುವಾಗ, ಹಿತ್ತಿಲಿಗೆ ಹತ್ತು ಗಿಡ ಸಾಕಾಗಿರುವಾಗ, ಮಿಕ್ಕುದನ್ನು ಕೊಡದೆ ಇಟ್ಟುಕೊಂಡವನೇ ಕಳೆದುಕೊಳ್ಳುವವನು. ಮಳೆ ಕೈಕೊಡುವುದು ಅಪರೂಪವಲ್ಲದ ಈ ದೋ-ಆಬ್ ಸೀಮೆಯಲ್ಲಿ, ಕೃಷ್ಣೆಯ ಕಡೆಯ ದೇವದುರ್ಗದಲ್ಲಿ ಒಣಗಿದ್ದು ತುಂಗಭದ್ರೆಯ ಕಾಲುವೆ ಹರಿಯುವ ಮಾನ್ವಿಯಲ್ಲಿ ಹಸಿರಾಗಿದ್ದೀತು. ಬೀಜಕ್ಕೆ ಎರಡು ಮೂರು ಮನೆಗಳಿದ್ದರೆ ಒಂದು ಮನೆಯ ಕೇಡು ಅದರ ಅಂತ್ಯವಾಗುವುದಿಲ್ಲ.

ಈ ತತ್ತ್ವವನ್ನೇ ಸಂಘವಾಗಿ ಕಟ್ಟಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಶಿರಸಿಯಲ್ಲಿ ಸುನೀತಾ ರಾವ್ ಅವರ ಪ್ರಯತ್ನದಿಂದ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಎಂಬ ಕೂಟ, ಮಲೆನಾಡಿನ ಹಿತ್ತಿಲುಗಳಲ್ಲಿ ತರಕಾರಿ ಹೂಗಳ ಬೀಜ ಕಾಯುವ ಹೆಂಗಸರದು. ಅವರು ನಡೆಸುವ ‘ಮಲ್ನಾಡ್ ಮೇಳ’ದಲ್ಲಿ ಬೀಜ ಕೈಯಿಂದ ಕೈಗೆ ಹೋಗುತ್ತದೆ. ‘ಸಹಜ ಸಮೃದ್ಧ’ ಎಂಬ ಸಂಘಟನೆಯವರು ಊರೂರುಗಳಲ್ಲಿ ಬೀಜ ಮೇಳಗಳನ್ನು ಏರ್ಪಡಿಸುತ್ತಾರೆ. ಬೀದರಿನ ಗಡಿಗೆ ತಾಗಿದ ಜಹೀರಾಬಾದಿನ ಕಡೆ, ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಅವರು ಗೆಳೆಯರೊಡನೆ 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು, ಬೀಜ ತುಂಬಿದ ಎತ್ತಿನ ಬಂಡಿಗಳನ್ನು ಹೂಡಿಕೊಂಡು ಹಳ್ಳಿಯಿಂದ ಹಳ್ಳಿಗೆ ಜಾತ್ರೆ ಹೊರಡುತ್ತಾರೆ. ಅವರ ಬಂಡಿಯಲ್ಲಿರುವುದು ಬಹುಮಟ್ಟಿಗೆ ನವಣೆ, ಸಜ್ಜೆ, ಜೋಳ, ದ್ವಿದಳಗಳು. ನಮ್ಮ ಸೀಮೆಯ ಹೆಂಗಸರಿಗೆ ಮಾದರಿ ಬೇಕಾದರೆ ಅಷ್ಟು ದೂರ ಹೋಗಿ ಬಂದರೆ ಸಾಕು.

ಅಮೆರಿಕದಲ್ಲಿ ಈ ವಿನಿಮಯಕ್ಕೆ ನಾಂದಿಯಾದುದು ಒಂದು ಟಮಾಟಿಯೇ. ಡಯಾನ್ ಆಟ್ ವೀಲಿ ಎಂಬಾಕೆಗೆ ಆಕೆಯ ಅಜ್ಜ, ಬವೇರಿಯದಿಂದ ಹಿರಿಯರು ತಂದಿದ್ದ ‘ಜರ್ಮನ್ ಪಿಂಕ್’ ಎಂಬ ಟಮಾಟಿಯ ಬೀಜವನ್ನೂ ಒಂದು ಹೂಬಳ್ಳಿಯ ಬೀಜವನ್ನೂ ಕೊಟ್ಟನು. ಅಜ್ಜ ತೀರಿಹೋದ ಮೇಲೆ, ಆ ಬೀಜ ತಮ್ಮ ಕೈ ಸೇರದಿದ್ದರೆ ತಳಿಯೂ ಹೋಗುತ್ತಿತ್ತಲ್ಲವೆ ಎಂದು ಚಿಂತಿಸಿದ ಆಕೆಯೂ ಪತಿ ಕೆಂಟ್ ವೀಲಿಯೂ 1975ರಲ್ಲಿ ‘ಸೀಡ್ ಸೇವರ್ಸ್ ಎಕ್ಸ್‌ಚೇಂಜ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಂಚೆಯಲ್ಲಿ ಲಕೋಟೆಗಳು ಓಡಾಡತೊಡಗಿದವು. 1990ರಲ್ಲಿ ಕ್ರೇಗ್ ಲೆಹೂಲಿಯರ್ ಎಂಬ ತೋಟಪ್ರೇಮಿಗೆ ಟೆನೆಸಿ ರಾಜ್ಯದಿಂದ ಅಪರಿಚಿತನೊಬ್ಬ ಕಳುಹಿಸಿದ ಇಂಥದೇ ಲಕೋಟೆಯಿಂದ ಬಂದುದು, ಚೆರೊಕಿ ಜನಾಂಗದವರಿಂದ ಪಡೆದದ್ದೆಂದು ಹೇಳಲಾದ ನೇರಳೆ ಛಾಯೆಯ ‘ಚೆರೊಕಿ ಪರ್ಪಲ್’.

ಇಂಥ ದೊಡ್ಡ, ಬಣ್ಣಬಣ್ಣದ ಹಣ್ಣುಗಳ ಬೀಜ ಈಗ ನಮ್ಮ ನಗರಗಳಲ್ಲಿಯೂ ಸಿಕ್ಕುತ್ತಿದೆ, ಹೂಕುಂಡದವರಲ್ಲಿ ಬಹಳ ಆಸೆಯನ್ನೂ ಹುಟ್ಟಿಸಿದೆ. ರಾಯಚೂರಿನವರಿಗೆ ನಾನು ಹೇಳುವುದಿಷ್ಟೆ: ಹಗಲಿನ ಉಷ್ಣ 35 ಡಿಗ್ರಿಯನ್ನು ದಾಟಿ, ರಾತ್ರಿಯೂ ತಂಪಾಗದಿದ್ದರೆ ಟಮಾಟಿಯ ಪರಾಗ ನಿಸ್ಸತ್ತ್ವವಾಗಿ ಹೂ ಉದುರುತ್ತದೆ, ನಮ್ಮ ಬೇಸಿಗೆಯಂತೂ 40 ಡಿಗ್ರಿಯನ್ನು ಮೀರುವಂಥದು. ತಂಪುದೇಶದ ದೊಡ್ಡ ಹಣ್ಣು ಇಲ್ಲಿ ಚಳಿಗಾಲದಲ್ಲಿ ಮಾತ್ರ ಮಾತು ಕೇಳೀತು. ನಮ್ಮ ಸಣ್ಣ ಜವಾರಿಗೆ ಅದಕ್ಕಿಂತ ಹೆಚ್ಚು ಸೈರಣೆಯಿದೆ.

ಕೊಡುವವರಿಗೂ ಒಂದು ಶಿಸ್ತು ಬೇಕು. ಕೆಲವು ನಂಜುರೋಗಗಳು ಬೀಜದ ಮೂಲಕವೇ ದಾಟುವುದರಿಂದ, ಎಲೆ ಮಚ್ಚೆಗಟ್ಟಿದ ಅಥವಾ ಮುರುಟಿದ ಗಿಡದ ಹಣ್ಣಿನಿಂದ ಬೀಜ ತೆಗೆದು ಬಂಧುಗಳಿಗೆ ಕೊಡುವುದು ಸ್ನೇಹದ ಹೆಸರಿನಲ್ಲಿ ಮಾಡುವ ಅಪಕಾರ. ಒಂದೇ ಗಿಡಕ್ಕೆ ಜೋತುಬೀಳದೆ ಐದಾರು ಆರೋಗ್ಯವಂತ ಗಿಡಗಳಿಂದ ಬೀಜ ಕೂಡಿಸಬೇಕು. ಪೊಟ್ಟಣದ ಮೇಲೆ ತಳಿಯ ಹೆಸರು, ಎಲ್ಲಿಂದ ಬಂತು, ಯಾವ ವರ್ಷದ್ದು, ಗಿಡಕ್ಕೆ ಕೋಲಿನ ಆಸರೆ ಬೇಕೋ ಬೇಡವೋ ಎಂಬುದನ್ನು ಬರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ, ‘ಯರಗೇರಾದ ಅತ್ತೆಯ ಹಣ್ಣು’ ಎಂದಾದರೂ ಬರೆಯಲಿ. ಚೆಂದವಾಗಿ ಕಾಣಲೆಂದು ಸುಳ್ಳು ಹೆಸರಿಡುವುದು ಬೇಡ. ಕಾನೂನಿನ ಭಯವೂ ಬೇಡ: ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕುರಿತ 2001ರ ಕಾಯ್ದೆ, ರೈತನು ತನ್ನ ಬೆಳೆಯ ಬೀಜವನ್ನು ಇಟ್ಟುಕೊಳ್ಳುವ, ಮತ್ತೆ ಬಿತ್ತುವ, ವಿನಿಮಯಿಸುವ, ಹಂಚುವ, ಮಾರುವ ಹಕ್ಕನ್ನು ಸ್ಪಷ್ಟವಾಗಿ ಮನ್ನಿಸಿದೆ, ಬ್ರ್ಯಾಂಡಿನ ಹೆಸರು ಹಚ್ಚಿ ಮಾರುವುದಕ್ಕೆ ಮಾತ್ರ ಅಲ್ಲಿ ಅವಕಾಶವಿಲ್ಲ.

ತಂಗಿಯಿಂದ ಮರಳಿ ಬಂದ ಬೀಜವನ್ನು ನಾನು ಶೀಗಿ ಹುಣ್ಣಿಮೆಯ ಹೊತ್ತಿಗೆ ಬಲಿತ ಸಸಿಗಳು ಕೈಗೆ ಬರುವಂತೆ ಮೊದಲೇ ಸಸಿಮಡಿಯಲ್ಲಿ ಹಾಕಿದೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಬುತ್ತಿಯಲ್ಲಿ ಸಜ್ಜೆಯ ಕಡುಬಿನ ಪಕ್ಕದಲ್ಲಿ ಆ ಹಣ್ಣಿನ ಚಟ್ನಿಯಿತ್ತು. ತಂಗಿಯ ಮಣ್ಣಿನಲ್ಲಿ ಎರಡು ವರ್ಷ ಕಳೆದು ಬಂದಿದ್ದರೂ, ಹುಳಿ ನಮ್ಮ ಅತ್ತೆಯವರ ಕಾಲದ್ದೇ. ದೇವದುರ್ಗದ ಕಡೆಯ ಸೋದರತ್ತೆಯೊಬ್ಬರು ಅಂದು ನಮ್ಮೊಡನೆ ಉಂಡವರು, ಕೈ ತೊಳೆಯುವ ಮುಂಚೆಯೇ ಬೀಜ ಕೇಳಿದರು. ದಾರ ಕಟ್ಟಿದ ಹಣ್ಣುಗಳಲ್ಲಿ ಮೂರನ್ನು ಅವರ ಹೆಸರಿಗೆ ಮೀಸಲಾಗಿಟ್ಟಿದ್ದೇನೆ.