ಪೈರಿನಲ್ಲಿ ಕಾಣುವ ಗೆರೆಗಳೂ ಹೂತುಹೋದ ಹಳೆಯ ನೆಲೆಗಳೂ

ಸಂತೇಬೆನ್ನೂರಿನ ಸುತ್ತಣ ಖುಷ್ಕಿ ಹೊಲಗಳನ್ನು ಡ್ರೋನು, ಉಪಗ್ರಹಗಳ ಚಿತ್ರಗಳಲ್ಲಿ ನೋಡುವುದು ಈಗ ಸುಲಭವಾಗಿದೆ. ಒಂದೇ ದಿನ ಬಿತ್ತಿದ ಜೋಳದ ನಡುವೆ ಹಳದಿ ಪಟ್ಟೆಯಾಗಲಿ ಕಡುಹಸುರಿನ ಬಳೆಯಾಗಲಿ ಕಂಡರೆ, ಅದನ್ನು ಕೂಡಲೇ ರೋಗವೆಂದೋ ನಿಧಿಯ ಸೂಚನೆಯೆಂದೋ ಎಣಿಸತಕ್ಕದ್ದಲ್ಲ.

ಇದರ ಕಾರಣವು ನೆಲದಡಿಯಲ್ಲಿರುವುದು. ಹೂತ ಗೋಡೆಯ ಮೇಲೆ ಮಣ್ಣು ತೆಳುವಾದ್ದರಿಂದ ತೇವವು ಬೇಗನೆ ಆರಿ, ಪೈರು ಗಿಡ್ಡಾಗಿ ಬಿಳಿಚಿಕೊಳ್ಳುವುದು. ಮುಚ್ಚಿಹೋದ ಕಂದಕ ಅಥವಾ ಗುಣಿಯಲ್ಲಿ ಸಡಿಲವಾದ ಆಳದ ಮಣ್ಣಿರುವುದರಿಂದ ಅಲ್ಲಿಯ ಪೈರು ಎತ್ತರವಾಗಿ ಬೆಳೆದು ಬಹುಕಾಲ ಹಸುರಾಗಿರುವುದು. ಹೊಲದಲ್ಲಿ ನಿಂತವನಿಗೆ ಈ ಏರುಪೇರು ಮಾತ್ರ ಕಾಣುವುದು. ಮೇಲಿನಿಂದ ನೋಡಿದರೆ ಅದೇ ಚೌಕವಾಗಿಯೋ ವೃತ್ತವಾಗಿಯೋ ಕೂಡಿಬರುವುದು. 2023ರಂತಹ ಬರದ ವರ್ಷಗಳಲ್ಲಿ, ಆಳವಿಲ್ಲದ ಕೆಂಪುಭೂಮಿಯಲ್ಲಿ ಇದು ಹೆಚ್ಚು ಸ್ಪಷ್ಟ. ನೀರನ್ನು ಹಿಡಿದಿಡುವ ಎರೆಭೂಮಿಯಲ್ಲಿಯೂ ನೀರಾವರಿಯ ತೋಟಗಳಲ್ಲಿಯೂ ಅಸ್ಪಷ್ಟ.

ಇಂಗ್ಲೆಂಡಿನಲ್ಲಿ 1925ರಲ್ಲಿ ಇನ್ಸಾಲ್ ಎಂಬ ವಿಮಾನಚಾಲಕನು ಹೊಲವೊಂದರಲ್ಲಿ ಸುತ್ತುಸುತ್ತಾದ ಚುಕ್ಕೆಗಳನ್ನು ಕಂಡನು. ಮರುವರ್ಷ ಗೋಧಿಯ ಪೈರಿನಲ್ಲಿ ಅವು ಮತ್ತೆ ತೋರಿದುವು. ಅಗೆದು ನೋಡಲಾಗಿ ಅವು ಪುರಾತನ ಮರದ ಕಂಬಗಳ ಆರು ಸುತ್ತಿನ ಗುಣಿಗಳೆಂದು ಸ್ಥಿರಪಟ್ಟಿತು.

ಆದರೆ ಎಲ್ಲಾ ಗುರುತುಗಳೂ ಪುರಾತನವಲ್ಲ. ಮುಚ್ಚಿದ ಹಗೇವು, ಹಳೆಯ ಕಣ, ತಿಪ್ಪೆಯ ಜಾಗ, ಕೆರೆಗೋಡು ಹರಡಿದ ಭಾಗ, ಬಂಡಿಯ ಜಾಡು, ಒಡೆದ ಬದು, ನೀರಿನ ಕೊಳವೆ ಹೂಳಿದ ಸಾಲು ಇವೂ ಹಾಗೆಯೇ ತೋರುವುವು. ಆದಕಾರಣ ಮೊದಲು ಊರಿನ ವೃದ್ಧರನ್ನು ವಿಚಾರಿಸಿ, ಸರ್ವೇ ನಕ್ಷೆಯೊಡನೆ ಹೋಲಿಸಬೇಕು. ಬೇರೆ ಬೇರೆ ವರ್ಷ, ಬೇರೆ ಬೇರೆ ಬೆಳೆಯಲ್ಲಿ ಅದೇ ಆಕಾರವು ಅಲ್ಲಿಯೇ ಕಂಡು, ಉತ್ತ ಮಣ್ಣಿನಲ್ಲಿ ಹಳೆಯ ಮಡಕೆಯ ಚೂರು, ಇಟ್ಟಿಗೆ ದೊರೆತರೆ ಊಹೆಯು ಬಲವಾಗುವುದು. ನಿರ್ಣಯವು ತಜ್ಞರ ಅಗೆತದಿಂದ ಮಾತ್ರ.

ಹನುಮಪ್ಪನಾಯಕನ ಕಾಲದ ಸಂತೇಬೆನ್ನೂರಿನ ಪುಷ್ಕರಣಿಯು ಕಣ್ಣಿಗೆ ಕಾಣುವುದರಿಂದ ಅದಕ್ಕೆ ಸರ್ಕಾರದ ರಕ್ಷಣೆಯುಂಟು. ಹೊಲದಡಿ ಅಡಗಿರುವುದಕ್ಕೆ ಭೂಮಾಲೀಕನೇ ಕಾವಲು. 1947ರಲ್ಲಿ ಬ್ರಹ್ಮಗಿರಿಯಲ್ಲಿ ವೀಲರ್ ಅವರು ಮಣ್ಣಿನ ಪದರಗಳ ಅನುಕ್ರಮದಿಂದಲೇ ಕಾಲಗಳನ್ನು ಬೇರ್ಪಡಿಸಿದರು. ನೆಲ ಸಮಮಾಡುವ ಯಂತ್ರವು ಒಂದೇ ದಿನದಲ್ಲಿ ಆ ಪದರಗಳನ್ನು ಕಲಸಿಬಿಡುವುದು. ಮತ್ತೆ ಅವನ್ನು ಜೋಡಿಸಲು ಯಾರಿಂದಲೂ ಆಗದು.

ಆದ್ದರಿಂದ ಸಂಶಯವಿರುವ ಹೊಲವನ್ನು ಹಿಂದಿನಷ್ಟೇ ಆಳಕ್ಕೆ ಉಳುವುದು, ಯಂತ್ರದಿಂದ ಅಗೆಯಿಸದಿರುವುದು, ನಿಧಿಯಾಸೆಯವರನ್ನು ಸೇರಿಸದಿರುವುದು. ಸರ್ವೇ ನಂಬರು, ಬೆಳೆ, ತಾರೀಖುಗಳನ್ನು ಬರೆದು ಚಿತ್ರದೊಡನೆ ತಹಶೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸುವುದು. ಗುರುತಿನ ಕಾರಣ ತಿಳಿದರೆ ರೈತನಿಗೂ ಲಾಭವುಂಟು: ಕಲ್ಲಿನ ಮೇಲಣ ಹಳದಿ ಪೈರಿಗೆ ಗೊಬ್ಬರವನ್ನೂ ಔಷಧವನ್ನೂ ಸುರಿಯುವ ವೃಥಾ ವೆಚ್ಚವು ತಪ್ಪುವುದು.