ಲಿಫ್ಟ್ ಹತ್ತದವರೂ ಹಣ ಕೊಡಬೇಕೆ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ವಾರ್ಷಿಕ ಸಭೆಯಲ್ಲಿ ಈ ಪ್ರಶ್ನೆ ಏಳದಿದ್ದರೆ ಆಶ್ಚರ್ಯ. ‘ನಾವು ಲಿಫ್ಟಿನ ಗುಂಡಿಯನ್ನೇ ಮುಟ್ಟಿದವರಲ್ಲ, ಅದರ ರಿಪೇರಿಗೆ ನಾವೇಕೆ ದುಡ್ಡು ಕೊಡಬೇಕು?’ ಎಂದು ನೆಲಮಹಡಿಯವರು ಕೇಳುತ್ತಾರೆ. ‘ನಿಮ್ಮ ಕಿಟಕಿಯೆದುರಿನ ತೋಟಕ್ಕೆ ನಾವು ಕೊಡುತ್ತಿಲ್ಲವೆ?’ ಎಂದು ಮೇಲಿನವರು ತಿರುಗಿ ಕೇಳುತ್ತಾರೆ. ಚಹಾ ಆರುತ್ತದೆ, ಮಾತು ಮುಗಿಯುವುದಿಲ್ಲ.

ವಠಾರದಲ್ಲಿ ನಲ್ಲಿಗೆ, ಬಚ್ಚಲಿಗೆ ಎಷ್ಟೇ ಜಗಳವಾದರೂ ಸೂರು ಸೋರಿದಾಗ ಎಲ್ಲರೂ ಬೆರಳು ತೋರುತ್ತಿದ್ದುದು ಒಬ್ಬ ಮಾಲೀಕನತ್ತ. ಫ್ಲ್ಯಾಟಿನಲ್ಲಿ ಆ ಒಬ್ಬ ಇಲ್ಲ, ಎಲ್ಲರೂ ಮಾಲೀಕರೇ. ಗೋಡೆಗಳ ನಡುವಿನ ಮನೆ ಒಬ್ಬರದು. ಅಡಿಯ ನೆಲ, ತಳಪಾಯ, ಛಾವಣಿ, ಮೆಟ್ಟಿಲು, ಲಿಫ್ಟ್ ಎಲ್ಲರವು. ಕ್ರಯಪತ್ರದಲ್ಲಿ ‘ಅವಿಭಜಿತ ಪಾಲು’ ಎಂದು ಕಾಣುವುದು ಇದೇ. ಅನೇಕರು ಆ ಸಾಲನ್ನು ಓದದೆಯೇ ಸಹಿ ಹಾಕುತ್ತಾರೆ.

ತಗಾದೆ ಮಾತ್ರ ಬಹಳ ಹಳೆಯದು. ಅಂತಸ್ತಿಗೊಬ್ಬ ಒಡೆಯನಿರುವ ಮನೆಗಳ ಬಗ್ಗೆ ಫ್ರಾನ್ಸಿನ 1804ರ ಸಿವಿಲ್ ಸಂಹಿತೆಯ 664ನೇ ಕಲಮು ಸೊಗಸಾದ ಲೆಕ್ಕ ಹಾಕಿತ್ತು. ಮುಖ್ಯ ಗೋಡೆ ಮತ್ತು ಛಾವಣಿಯ ಖರ್ಚು ಎಲ್ಲರದು, ಅವರವರ ಅಂತಸ್ತಿನ ಬೆಲೆಗೆ ತಕ್ಕಂತೆ. ಮೆಟ್ಟಿಲಿನ ಖರ್ಚು ಹಾಗಲ್ಲ. ಮೊದಲ ಮಹಡಿಯವನು ತನ್ನ ಬಾಗಿಲವರೆಗಿನ ಮೆಟ್ಟಿಲು ಕಟ್ಟಿಸಬೇಕು, ಎರಡನೆಯವನು ಅಲ್ಲಿಂದ ತನ್ನ ಬಾಗಿಲವರೆಗೆ. ನೆಲಮಹಡಿಯವನು ನಿಶ್ಚಿಂತ! ಅಲ್ಲಿ 1965ರಲ್ಲಿ ಬಂದ ಕಾನೂನು ಕೂಡ ಲಿಫ್ಟಿನಂಥ ಸೌಲಭ್ಯದ ಖರ್ಚನ್ನು ಯಾರಿಗೆಷ್ಟು ಉಪಯೋಗ ಎಂಬುದರ ಮೇಲೆ ಹಂಚುತ್ತದೆ.

ನಮ್ಮಲ್ಲಿ ಹಿಡಿದ ದಾರಿ ಬೇರೆ. ಅಮೆರಿಕದ ಅಧೀನದ ಪೋರ್ಟೊರಿಕೊ 1958ರಲ್ಲಿ ಇಂಥ ಮನೆಗಳಿಗೆಂದೇ ಕಾನೂನು ಮಾಡಿತು. ಬಳಿಕ ಅಮೆರಿಕದಲ್ಲಿ ಹರಡಿದ ಆ ಮಾದರಿಯ ಜಾಡು ಮಹಾರಾಷ್ಟ್ರದ 1970ರ ಮತ್ತು ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಗಳಲ್ಲಿ ಕಾಣುತ್ತದೆ. ಕರ್ನಾಟಕದ ಕಾಯ್ದೆ ಸಾಮಾನ್ಯ ಖರ್ಚನ್ನು ಅವಿಭಜಿತ ಪಾಲಿನ ಪ್ರಮಾಣದಲ್ಲಿ ಹಂಚಿತು. ಸೌಲಭ್ಯ ತನಗೆ ಬೇಡವೆಂದರೂ, ಮನೆಯನ್ನೇ ಬಿಟ್ಟುಹೋದರೂ ಹೊಣೆ ತಪ್ಪದು ಎಂದಿತು. ಲಿಫ್ಟಿಗೆ ಕೊಡುವುದು ಬಸ್ ಟಿಕೆಟ್ಟಿನಂತೆ ಸವಾರಿಯ ದರವಲ್ಲ, ತನ್ನದೂ ಪಾಲಿರುವ ಆಸ್ತಿಯ ರಿಪೇರಿ ಖರ್ಚು ಎಂಬುದು ಇದರ ತರ್ಕ. ನೆಲಮಹಡಿಯವರಿಗೆ ರುಚಿಸದಿದ್ದರೂ ತರ್ಕ ಗಟ್ಟಿಯೇ.

ದೊಡ್ಡ ಮನೆ, ಚಿಕ್ಕ ಮನೆ ಎಂಬ ಜಗಳ ಇನ್ನೊಂದು. ಪಾಲಿನ ಲೆಕ್ಕದಲ್ಲಿ ದೊಡ್ಡ ಮನೆಯವರು ಹೆಚ್ಚು ಕೊಡಬೇಕಾಗುತ್ತದೆ. ಆದರೆ ಮುಂಬೈಯ ಸಹಕಾರಿ ಗೃಹ ಸಂಘವೊಂದರ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2003ರಲ್ಲಿ ಪ್ರತಿ ಮನೆಗೂ ಸಮಾನ ಶುಲ್ಕವನ್ನು ಎತ್ತಿಹಿಡಿಯಿತು. ಕಾವಲುಗಾರ ಮನೆಯ ಚದರಡಿ ನೋಡಿ ಗೇಟು ಕಾಯುವುದಿಲ್ಲವಲ್ಲ! ಸಂಘ ಯಾವ ಕಾಯ್ದೆಯಡಿ ಹುಟ್ಟಿದೆ ಎಂಬುದೇ ಇಲ್ಲಿ ನಿರ್ಣಾಯಕ. 1972ರ ಕಾಯ್ದೆ ಕಟ್ಟಡಕ್ಕೆ ತಾನಾಗಿ ಅನ್ವಯಿಸುವಂಥದ್ದಲ್ಲ. ಒಡೆಯರು ಅದಕ್ಕೊಳಪಡುವ ಘೋಷಣಾಪತ್ರ ನೋಂದಾಯಿಸಬೇಕಿತ್ತು. ಬೆಂಗಳೂರಿನ ಎಷ್ಟೋ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಹೆಸರು ಬರೆಸಿ ಸುಮ್ಮನಾದವು. ಬಾಕಿ ವಸೂಲಿಗೆ ಹೊರಟಾಗಲೇ ಅವುಗಳಿಗೆ ಆ ಕೊರತೆ ಅರಿವಾದದ್ದು.

ಇದರ ಮೇಲೆ ಸರಕಾರದ ತೆರಿಗೆ ಬೇರೆ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿ, ಸದಸ್ಯರೊಬ್ಬರ ಮಾಸಿಕ ಶುಲ್ಕ 7,500 ರೂಪಾಯಿ ಮೀರಿದರೆ ಶೇ 18ರ ಜಿಎಸ್‌ಟಿ ಬೀಳುತ್ತದೆ. 2018ರ ಜನವರಿಗೆ ಮುಂಚೆ ಈ ಮಿತಿ 5,000 ಇತ್ತು.

ಹೆಚ್ಚು ಪೆಟ್ಟು ತಿನ್ನುವವರು ಹಳೆ ಫ್ಲ್ಯಾಟ್ ಕೊಳ್ಳುವವರು. ಹಿಂದಿನವನು ಉಳಿಸಿಹೋದ ಶುಲ್ಕ ಅವನ ಬೆನ್ನಿಗಷ್ಟೇ ಅಂಟುವುದಿಲ್ಲ. 1972ರ ಕಾಯ್ದೆಯ ಪ್ರಕಾರ ಬಾಕಿ ಮನೆಯ ಮೇಲಿನ ಋಣಭಾರ. ಮಾರಿದವನೂ ಕೊಂಡವನೂ ಇಬ್ಬರೂ ಅದಕ್ಕೆ ಹೊಣೆ. ಜೀವಮಾನದ ಉಳಿತಾಯ ಸುರಿದು ಬಂದವನಿಗೆ ಗೃಹಪ್ರವೇಶದ ಮರುದಿನವೇ ನೋಟಿಸು ಬಂದರೆ ಹೇಗಾದೀತು? ಇದಕ್ಕೂ ಕಾಯ್ದೆ ಒಂದು ದಾರಿ ಇಟ್ಟಿತ್ತು. ಕೊಳ್ಳುವವನು ಮೊದಲೇ ಸಂಘದಿಂದ ಬಾಕಿಯ ವಿವರ ಬರೆಸಿಕೊಂಡರೆ, ಅದರಲ್ಲಿ ತೋರಿಸಿದ ಮೊತ್ತಕ್ಕಿಂತ ಹೆಚ್ಚಿನ ಹಳೆ ಬಾಕಿಯನ್ನು ಆಮೇಲೆ ಅವನ ಮೇಲೆ ಹೊರಿಸುವಂತಿಲ್ಲ.